ಅಮ್ಮನ ನೀಲಿ ಬ್ಯಾಡ್ಜು

ಹಳದಿ ಟೇಪಿನ ಒಂದು ತುದಿ ನೆಲದಿಂದ ಎದ್ದು ನಿಂತಿದೆ, ಎಷ್ಟು ಜನ ಕಾಲೆಳೆದುಕೊಂಡು ನಡೆದರೋ ಇದರ ಮೇಲೆ, ಹತ್ತು ಮೀಟರಿಗೊಂದು ಪಟ್ಟಿ, ನೋವು ಶುರುವಾದಲ್ಲಿ ನಿಂತ್ಬಿಡಿ ಹಿಲರಿ, ಜಂಬಾನೂ ಬೇಡ ನಾಟಕಾನೂ ಬೇಡ ಎಂದು ನಗುತ್ತಾಳೆ ಶಾಜಿಯಾ, ಕೊರಳಲ್ಲಿ ಪುರಸಭೆಯ ಗುರುತುಪಟ್ಟಿ, ನನಗಿಂತ ಇಪ್ಪತ್ತೈದು ವರ್ಷವಾದರೂ ಚಿಕ್ಕವಳು, ನನ್ನ ಸೊಂಟ ಅಂಗವಿಕಲರ ಪಾರ್ಕಿಂಗಿಗೆ ಅರ್ಹವೋ ಅಲ್ಲವೋ ಎಂದು ಬರೆಯುವವಳು ಇವಳೇ, ನಾಟಕ ಎಂದು ಬೇಕೆಂದೇ ಅಂದಳೋ, ಇವಳಿಗೆ ಗೊತ್ತೋ, ಇಲ್ಲ, ಹೇಗೆ ಗೊತ್ತಿರುತ್ತದೆ, ಅಂಥ ಜಾಗದಲ್ಲಿ ಕಾರು ನಿಲ್ಲಿಸಲು ಅಮ್ಮನಿಗೆ ಕೊಟ್ಟ ಬ್ಯಾಡ್ಜು ನನ್ನ ಕೈಚೀಲದಲ್ಲಿದೆ, ಜಿಪ್ ಎಳೆದಿದ್ದೇನೆ, ಎಳೆದಿದ್ದೇನೆಯೇ — ಎಡಗಾಲು, ಬಲಗಾಲು, ಮೊದಲ ಪಟ್ಟಿ, ಇನ್ನೂ ತಡೆದುಕೊಳ್ಳಬಹುದು. ಇದೇ ಕಾರಿಡಾರಿನಲ್ಲಿ ಎರಡು ವರ್ಷದ ಹಿಂದೆ ಅಮ್ಮ ನಡೆದಿದ್ದಳು, ತುಟಿಗೆ ಬಣ್ಣ ಹಚ್ಚಿ, ಚರ್ಚಿಗೆ ತೊಡುವ ಕೋಟು ತೊಟ್ಟು, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ನಿಂತೇ ಬಡಿಸಿದ ಎನಿಡ್, ಕಾರಿನಲ್ಲೇ ಗದರಿದ್ದೆ, ಅಷ್ಟು ಚೆನ್ನಾಗಿ ನಡೀಬೇಡಮ್ಮಾ, ಬ್ಯಾಡ್ಜು ಕೊಡಲ್ಲ ಆಮೇಲೆ, ಅದಕ್ಕವಳು, ಕುಂಟೋದನ್ನ ನೀನು ಹೇಳ್ಕೊಡ್ಬೇಕೇನೇ ನಂಗೆ, ಎಂದು ಸೈನಿಕನ ಹಾಗೆ ಹೊರಟು ಮೂರನೆಯ ಪಟ್ಟಿಯಲ್ಲಿ ಗೋಡೆ ಹಿಡಿದಳು, ನನ್ನತ್ತ ನೋಡಲಿಲ್ಲ.

ಫೆಬ್ರವರಿಯಲ್ಲಿ ತೀರಿಹೋದಳು, ಬ್ಯಾಂಕಿಗೆ ತಿಳಿಸಿದೆ, ಪಿಂಚಣಿಯವರಿಗೆ ತಿಳಿಸಿದೆ, ಹಾಲಿನವನಿಗೂ ಹೇಳಿದೆ, ಬ್ಯಾಡ್ಜನ್ನು ನಾಳೆ ಹಿಂದಿರುಗಿಸೋಣ ಎಂದು ಕಾರಿನಲ್ಲೇ ಬಿಟ್ಟೆ, ಏಪ್ರಿಲಿನ ಒಂದು ಗುರುವಾರ, ಸಂತೆಯ ದಿನ, ಸೊಂಟ ಬೆಂಕಿ, ಗಾಲಿಕುರ್ಚಿ ಬರೆದ ಜಾಗ ಮೀನಿನಂಗಡಿಯ ಎದುರಿಗೇ ಖಾಲಿ, ಒಂದು ಸಲ ಅಷ್ಟೇ ಎಂದು ಅಲ್ಲೇ ನಿಲ್ಲಿಸಿ ಬ್ಯಾಡ್ಜು ಇಟ್ಟೆ — ನನ್ನದೇ ಅರ್ಜಿ ಹಾಕಬಹುದಿತ್ತು, ಐವತ್ತೇಳಕ್ಕೇ ಅಂಗವಿಕಲೆ ಎಂಬ ಪದದ ಪಕ್ಕ ನನ್ನ ಹೆಸರು ಬರೆಯಲು ಕೈ ಬರಲಿಲ್ಲ, ಅಮ್ಮನ ಹೆಸರಿನಲ್ಲಿ ಕುಂಟುವುದು ಸುಲಭವಿತ್ತು. ಗಾಲಿಕುರ್ಚಿಯ ಮಗ್ಗುಲು ಮೇಲೆ, ಫೋಟೊ ಇರುವ ಮಗ್ಗುಲು ಕೆಳಗೆ, ನಿಯಮವೇ ಹಾಗೆ, ಅಮ್ಮನ ಮುಖ ಡ್ಯಾಶ್‌ಬೋರ್ಡಿನ ಧೂಳಿಗೆ ಒತ್ತಿಕೊಂಡು, ಏಳು ತಿಂಗಳು. ಎರಡನೆಯ ಪಟ್ಟಿ, ಹಲ್ಲು ಕಚ್ಚುತ್ತಿದ್ದೇನೆ, ಶಾಜಿಯಾ ಏನೋ ಬರೆದಳು, ಬರೆಯಲಿ, ಕಡೆಯ ಸಲ ಅಲ್ಲಿ ನಿಲ್ಲಿಸಿದಾಗ ಬಂದ ಪಾರ್ಕಿಂಗ್ ವಾರ್ಡನ್ನೂ ಏನಾದರೂ ಬರೆದಿದ್ದರೆ ಚೆನ್ನಾಗಿತ್ತು, ಗಾಜು ತಟ್ಟಿದ, ಸ್ವಲ್ಪ ತಿರುಗಿಸಿ ತೋರಿಸ್ತೀರಾ ತಾಯಿ, ಎಲ್ಲರದ್ದೂ ನೋಡ್ತಿದೀವಿ, ತಿರುಗಿಸಿದೆ, ಅವನ ಮುಖ ಅರಳಿತು, ಅಯ್ಯೋ ಇದು ನಮ್ಮ ಕಸ್ಟರ್ಡ್ ಎನಿಡಮ್ಮ ಅಲ್ವಾ, ಶಾಲೇಲಿ ಮೇಲಿನ ಕೆನೆ ನಂಗೇ ಅಂತ ಎತ್ತಿಡೋರು, ಬೇರೆ ಹುಡುಗ್ರು ಹೊಟ್ಟೆ ಉರ್ಕೊಳ್ಳೋರು, ಎಲ್ಲಿ ಅವರು, ಮತ್ತು ನಾನು, ಪುಸ್ತಕದ ಕಾರ್ಡುಗಳಲ್ಲಿ ತಪ್ಪು ಅಲ್ಪವಿರಾಮ ಕಂಡರೂ ತಿದ್ದುವ ಗ್ರಂಥಪಾಲಕಿ, ಔಷಧಿ ಅಂಗಡೀಲಿದಾಳೆ ಎಂದೆ. ಇದಾಳೆ ಎಂದೆ. ಹಂಗಾದ್ರೆ ಬರ್ಲಿ, ಒಂದ್ ಮಾತಾಡ್ಸಿಯೇ ಹೋಗ್ತೀನಿ, ಎಂದು ಟೋಪಿ ತೆಗೆದು ಕಂಕುಳಲ್ಲಿಟ್ಟು ನಿಂತ, ಔಷಧಿ ಅಂಗಡಿಯ ಬಾಗಿಲು ತೆರೆದಾಗಲೆಲ್ಲ ಅವನೂ ತಿರುಗಿದ ನಾನೂ ತಿರುಗಿದೆ, ನಾನೂ, ದೇವರೇ, ಒಂದು ಕ್ಷಣ ನಾನೂ ಕಾದೆ, ಕೊನೆಗೆ ಯಾರೋ ಅವನನ್ನು ಕರೆದರು, ಡಂಕನ್ ಕೇಳ್ದ ಅಂತ ಹೇಳಿ ಆಯ್ತಾ, ಹೇಳ್ತೀನಿ ಎಂದೆ. ಆ ಸಂಜೆಯೇ ಅರ್ಜಿ ತುಂಬಿದೆ.

ಮೂರನೆಯ ಪಟ್ಟಿ. ಕೈ ತಾನಾಗಿ ಗೋಡೆಗೆ ಹೋಯಿತು, ಬಣ್ಣ ಮಾಸಿ ನುಣ್ಣಗಾದ ಜಾಗ, ಅಮ್ಮ ಇಲ್ಲಿಯೇ ಹಿಡಿದಿದ್ದಳು, ಸಾಕು ಸಾಕು ಬನ್ನಿ ಕೂತ್ಕೊಳ್ಳಿ, ಶಾಜಿಯಾ ಕುರ್ಚಿ ಎಳೆಯುತ್ತಾಳೆ, ನೀರು ಕೊಡುತ್ತಾಳೆ, ನಿಮಗೆ ಇದು ಯಾವತ್ತೋ ಸಿಗ್ಬೇಕಿತ್ತು ಹಿಲರಿ, ಯಾಕಿಷ್ಟು ತಡ ಮಾಡಿದ್ರಿ, ಇಷ್ಟು ದಿನ ಸಂತೆ ಗಿಂತೆ ಹೇಗೆ ನಿಭಾಯಿಸಿದ್ರಿ — ಹೇಗೋ ಆಯ್ತು ಅಂದರೆ ಮುಗಿಯಿತು, ಸಹಿ ಹಾಕುತ್ತಾಳೆ, ನನ್ನದೇ ಬ್ಯಾಡ್ಜು ಅಂಚೆಯಲ್ಲಿ ಬರುತ್ತದೆ, ಹೇಳಿದರೆ ಕೋರ್ಟು, ವಾರಪತ್ರಿಕೆಯಲ್ಲಿ ಹೆಸರು, ಸತ್ತವರ ಬ್ಯಾಡ್ಜು ಬಳಸಿದ ಗ್ರಂಥಪಾಲಕಿ ಎಂದು ಗ್ರಂಥಾಲಯದ ಮೇಜಿನ ಮೇಲೇ ಎಲ್ಲರೂ ಓದುತ್ತಾರೆ, ಡಂಕನ್ನೂ ಓದುತ್ತಾನೆ, ಎನಿಡಮ್ಮ ಹೋಗಿಬಿಟ್ಟರೆಂದು ಅವನಿಗೆ ಹಾಗೆಯೇ ತಿಳಿಯಬೇಕೆ — ಜಿಪ್ ತೆರೆದೇ ಇತ್ತು, ಬೆರಳಿಗೆ ಅದರ ಅಂಚು ಸಿಕ್ಕಿತು, ಹೊರತೆಗೆದೆ, ಮೇಜಿನ ಮೇಲಿಟ್ಟೆ, ಶಾಜಿಯಾ ಪೆನ್ನು ಕೆಳಗಿಟ್ಟಳು, ಯಾರದಿದು ಹಿಲರಿ, ತಿರುಗ್ಸಿ ನೋಡೋಣ, ಮೆತ್ತಗೇ ಕೇಳುತ್ತಾಳೆ, ಆಗ ಕಂಡಿತು, ಇಲ್ಲಿಯೂ ಹಾಗೆಯೇ ಇಟ್ಟಿದ್ದೇನೆ, ರೂಢಿಯಂತೆ, ಗಾಲಿಕುರ್ಚಿ ಮೇಲೆ, ತಿರುಗಿಸಬೇಕು, ಒಂದು ಬೆರಳು ಸಾಕು, ತಿರುಗಿಸಬೇಕು, ಅಮ್ಮನ ಮುಖ ಕೆಳಗೆ, ಮೇಜಿಗೆ ಒತ್ತಿಕೊಂಡು, ಅಮ್ಮನ ಮುಖ ಕೆಳಗೆ