ಸೋಮವಾರ ಬಂದ ಬೀಗರು

ಮಾಂತೊವಾದಲ್ಲಿ ಹುಟ್ಟಿ ಬೆಳೆದ ನಮಗೆಲ್ಲ ಒಂದು ವಿಚಿತ್ರ ಜಂಬವಿದೆ. ಜಗತ್ತಿನ ಮೂಲೆಮೂಲೆಯಿಂದ ಜನ ನಮ್ಮ ಅರಮನೆ ನೋಡಲು ಬರುತ್ತಾರೆ, ನಾವು ಮಾತ್ರ ನೋಡುವುದಿಲ್ಲ. ‘ಇಲ್ಲೇ ಇದ್ದೀವಲ್ಲ, ಯಾವತ್ತು ಬೇಕಾದ್ರೂ ಹೋಗಬಹುದು’ ಎನ್ನುತ್ತೇವೆ, ಹಾಗೆ ಅನ್ನುತ್ತಲೇ ಮುದುಕರಾಗುತ್ತೇವೆ. ಹಿತ್ತಲ ಗಿಡ ಮದ್ದಲ್ಲ. ನನಗೆ ಈಗ ಅರವತ್ತೊಂದು. ಚೌಕದ ಕಮಾನುಗಳ ಕೆಳಗಿನ ಬೇಕರಿಯಲ್ಲಿ ಮೂವತ್ತು ವರ್ಷದಿಂದ ಕೇಕು ಮಾರುತ್ತಿದ್ದೇನೆ, ಅರಮನೆ ಅಲ್ಲಿಂದ ಐದು ನಿಮಿಷದ ದಾರಿ. ಅದರೊಳಗೆ ನಾನು ಕಾಲಿಟ್ಟದ್ದು ನಾಲ್ಕನೇ ತರಗತಿಯಲ್ಲಿ ಒಂದೇ ಒಂದು ಸಲ. ಆ ದಿನದ್ದು ಅಂತ ನೆನಪಿರುವುದು ಸಾಲಿನಲ್ಲಿ ಹಿಂದೆ ನಿಂತು ನನ್ನ ಜಡೆ ಎಳೆದ ಹುಡುಗನೊಬ್ಬನ ಮುಖ ಮಾತ್ರ.

ಹೀಗಿದ್ದವಳು ಕಳೆದ ಅಕ್ಟೋಬರಿನಲ್ಲಿ ಒಂದು ದಿನದ ಮಟ್ಟಿಗೆ ಊರು ತೋರಿಸುವವಳಾಗಬೇಕಾಯಿತು. ಆಗಲೇಬೇಕಿತ್ತು, ಯಾಕೆಂದರೆ ಮಗನ ಮದುವೆ ಎಲ್ಲಿ ನಡೆಯಬೇಕು ಅನ್ನುವುದು ಆ ದಿನದ ಮೇಲೆ ನಿಂತಿತ್ತು.

ಮಗ ಎಲಿಯೊ ಬೊಲೋನ್ಯಾದಲ್ಲಿ ಕೆಲಸದಲ್ಲಿದ್ದಾನೆ. ಅವನು ಮೆಚ್ಚಿದ ಹುಡುಗಿ ಮಾರಿಲೆನಾ ದೇಶದ ಆ ತುದಿಯವಳು, ಲೆಚ್ಚೆ ಊರಿನವಳು. ಹುಡುಗಿ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆ ಹೆಣ್ಣಿನ ಊರಲ್ಲೇ ಆಗಬೇಕು ಎನ್ನುವುದು ಪದ್ಧತಿ. ಲೆಚ್ಚೆಗೆ ನಮ್ಮಿಂದ ಒಂದು ಸಾವಿರ ಕಿಲೋಮೀಟರು. ನನ್ನ ಅಮ್ಮ ಆರ್ಜಿಯಾಳಿಗೆ ತೊಂಬತ್ತೊಂದು. ಮೊಣಕಾಲು ಕೈಕೊಟ್ಟಿದೆ, ಎರಡನೇ ಮಹಡಿಯಿಂದ ಇಳಿದು ಬೀದಿ ಕೊನೆಯ ಚರ್ಚಿಗೆ ಹೋಗಿಬರುವುದೇ ಅವಳಿಗೆ ಒಂದು ಯಾತ್ರೆ. ಎಲಿಯೊನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು, ನಾನು ಬೇಕರಿಯಲ್ಲಿದ್ದೆ. ಅವನ ಮದುವೆಯನ್ನು ಅವಳು ಫೋಟೋದಲ್ಲಿ ನೋಡಬೇಕೆಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹುಡುಗ ಹುಡುಗಿ ಜಾಣರು. ‘ನೀವು ದೊಡ್ಡವರು ಮಾತಾಡ್ಕೊಳ್ಳಿ’ ಎಂದು ಕೈತೊಳೆದುಕೊಂಡರು. ಬೀಗರು ವೆರೋನಾದಲ್ಲಿರುವ ತಮ್ಮನ ಮನೆಗೆ ಬರುವವರಿದ್ದರು, ಅಲ್ಲಿಂದ ಒಂದು ದಿನ ನಮ್ಮಲ್ಲಿಗೆ ಬರುವುದೆಂದಾಯಿತು. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಸಂಜೆ ಐದರ ರೈಲಿಗೆ ವಾಪಸು. ನನ್ನ ಲೆಕ್ಕಾಚಾರ ಸರಳವಾಗಿತ್ತು: ನಮ್ಮ ಊರು ನೋಡಿ ಅವರ ಬಾಯಿ ಕಟ್ಟಬೇಕು. ಅರಮನೆಯ ಚಿತ್ರದ ಕೋಣೆ, ಊರಾಚೆಯ ಇನ್ನೊಂದು ಅರಮನೆಯಲ್ಲಿ ಗೋಡೆ ತುಂಬ ರಾಕ್ಷಸರನ್ನು ಬರೆದಿರುವ ಕೋಣೆ, ದೊಡ್ಡ ಚರ್ಚು, ಉರುಟು ಚರ್ಚು, ಗಡಿಯಾರದ ಗೋಪುರ, ಆಮೇಲೆ ಸರೋವರದ ದಂಡೆಯಲ್ಲಿ ನಾಲ್ಕು ಹೆಜ್ಜೆ. ಅಷ್ಟಾದ ಮೇಲೆ ‘ಮದುವೆ ಇಲ್ಲೇ ಇಟ್ಟುಕೊಳ್ಳೋಣವೇ’ ಎಂದು ಮೆಲ್ಲಗೆ ಮಾತು ತೆಗೆಯುವುದು. ಯಾವ ದಿನ ಎಂದು ಕೇಳಿದಾಗ ಸೋಮವಾರ ಎಂದೆ, ಬೇಕರಿಗೆ ಸೋಮವಾರ ರಜೆ. ಅಮ್ಮನಿಗೆ ಇದೊಂದನ್ನೂ ಹೇಳಲಿಲ್ಲ. ಹೇಳಿದ್ದರೆ ‘ನನಗೋಸ್ಕರ ಊರಿನ ಪದ್ಧತಿ ಮುರೀತೀಯಾ’ ಎಂದು ಉಗಿಯುತ್ತಿದ್ದಳು. ನನ್ನ ಗಂಡ ಆ ದಿನ ಲಾರಿ ತೆಗೆದುಕೊಂಡು ಆಸ್ಟ್ರಿಯಾಕ್ಕೆ ಹೋಗಿದ್ದ. ಇಂಥ ದಿನಗಳಲ್ಲಿ ಅವನಿಗೆ ತಪ್ಪದೆ ಲೋಡು ಸಿಗುತ್ತದೆ.

ಬೀಗರು ರೈಲಿಳಿದರು. ಕೋಸಿಮೊ ಎಂಬ ಆತ ತೆಳ್ಳಗೆ, ಮಾತು ಕಡಿಮೆ. ನೆನೆಸಿ ಅರೆದ ಕಾಗದ ಮತ್ತು ಅಂಟಿನಿಂದ ಸಂತರ ಮೂರ್ತಿ ಮಾಡುವುದು ಅವರ ಮನೆತನದ ಕಸುಬು. ಹೆಂಡತಿ ಇಮ್ಮಕೊಲಾತಾ ಎದೆಯ ಮೇಲೆ ಕೈಚೀಲ ಅಪ್ಪಿಕೊಂಡು, ಊರಿಗೆ ಬೆಲೆ ಕಟ್ಟಲು ಬಂದವರ ಹಾಗೆ ಸುತ್ತ ನೋಡಿದರು. ಕಾಲಿಗೆ ಹೊಸ ಶೂ ಹಾಕಿದ್ದರು, ಅದನ್ನು ನೋಡಿದ ಕೂಡಲೇ ನನಗೆ ಅಯ್ಯೋ ಅನ್ನಿಸಿತು.

ಮೊದಲು ದೊಡ್ಡ ಚರ್ಚು. ಒಳಗೆ ಕಾಲಿಟ್ಟರೆ ನನಗೇ ಕುತ್ತಿಗೆ ತಾನಾಗಿ ಮೇಲಕ್ಕೆ ಹೋಗುತ್ತದೆ. ಬೀಗಿತಿ ಒಂದು ಸುತ್ತು ನೋಡಿದರು.

“ಚೆನ್ನಾಗಿದೆ” ಎಂದರು. “ನಮ್ಮಲ್ಲಿ ಬೀದಿಗೊಂದು ಇದೆ ಇಂಥದ್ದು.”

“ಇಷ್ಟು ದೊಡ್ಡದಾ?” ಎಂದೆ.

“ದೊಡ್ಡದು ಕಟ್ಟೋದು ಸುಲಭ, ಸಿನ್ಯೋರಾ. ಕೆತ್ತೋದು ಕಷ್ಟ.”

ಉರುಟು ಚರ್ಚಿಗೆ ಐದು ನಿಮಿಷ ಸಾಕಾಯಿತು. ಗಡಿಯಾರದ ಗೋಪುರದ ಕೆಳಗೆ ನಿಂತು ಕೋಸಿಮೊ ತಮ್ಮ ಕೈಗಡಿಯಾರಕ್ಕೆ ಹೋಲಿಸಿ ನೋಡಿ, “ಸರಿಯಾಗಿದೆ” ಎಂದರು, ಅಷ್ಟೇ. ಇರಲಿ, ಅರಮನೆ ಬಾಕಿ ಇದೆಯಲ್ಲ ಎಂದು ಎದೆಯುಬ್ಬಿಸಿಕೊಂಡು ಕಲ್ಲುಹಾಸಿನ ದೊಡ್ಡ ಚೌಕ ದಾಟಿಸಿ ಬಾಗಿಲ ತನಕ ಕರೆದುಕೊಂಡು ಹೋದೆ. ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ದಪ್ಪ ಚೆಂದದ ಅಚ್ಚಿನಲ್ಲಿ ಒಂದು ಫಲಕ: ಸೋಮವಾರ ರಜೆ.

ಊರಿನ ಹೋಟೆಲಿನವನಿಗೆ ಗೊತ್ತು, ಟ್ಯಾಕ್ಸಿಯವನಿಗೆ ಗೊತ್ತು, ಜಪಾನಿನಿಂದ ಬರುವ ಮುದುಕಿಗೂ ಗೊತ್ತು. ಅರವತ್ತೊಂದು ವರ್ಷ ಇದೇ ನೀರು ಕುಡಿದ ನನಗೆ ಗೊತ್ತಿರಲಿಲ್ಲ. ಬೇಕರಿಯ ಗೆಳತಿಗೆ ಫೋನು ಮಾಡಿ ರಾಕ್ಷಸರ ಕೋಣೆಯ ಬಗ್ಗೆ ವಿಚಾರಿಸಿದೆ. “ಅದೂ ಮಧ್ಯಾಹ್ನದವರೆಗೆ ಮುಚ್ಚಿರುತ್ತೆ ಕಣೇ, ಸೋಮವಾರ ಯಾರಾದ್ರೂ ಬರ್ತಾರಾ” ಎಂದು ನಕ್ಕಳು. ನಗಲಿ, ಅವಳಿಗೇನು.

ಬೀಗಿತಿ ಫಲಕವನ್ನು ಎರಡು ಸಲ ಓದಿದರು. “ನೀವು ಈ ಊರಿನವರೇ ತಾನೆ?” ಎಂದು ಕೇಳಿದರು.

ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಕೋಸಿಮೊ ಮೆಲ್ಲಗೆ, “ಇವಳಿಗೆ ಕಾಲು ನೋಯ್ತಿದೆ. ಮನೆ ದೂರಾನಾ?” ಎಂದರು. ಊಟಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ, ಮನೆಗೆ ಕರೆದುಕೊಂಡು ಬಂದೆ.

ಅಮ್ಮ ಅಡುಗೆಮನೆಯ ಮೇಜಿನ ತಲೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಳು. ನಾವು ಬೇಗ ಬಂದದ್ದು ನೋಡಿ ಗಡಿಯಾರ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ಅರಮನೆಗೆ ಕರ್ಕೊಂಡು ಹೋಗಿದ್ಯಾ?”

“ಹ್ಞೂಂ.”

“ಸೋಮವಾರ?”

“ಹ್ಞೂಂ ಅಮ್ಮ.”

“ಇಪ್ಪತ್ತೆಂಟು ವರ್ಷ ನಾನು ಅಲ್ಲಿ ನೆಲ ಒರೆಸಿದೆ. ಒಂದು ಮಾತು ನನ್ನ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದಳು. ಬೀಗರ ಕಡೆ ತಿರುಗಿ, “ಕೂತ್ಕೊಳ್ಳಿ. ಇವಳಿಗೆ ಬುದ್ಧಿ ಬರೋ ಹೊತ್ತಿಗೆ ನಾನಿರಲ್ಲ” ಎಂದಳು.

ಕೋಸಿಮೊ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕದಲ್ಲೇ ಕೂತರು. ಬೆಳಗಿನಿಂದ ಮೊದಲ ಸಲ ಆ ಮನುಷ್ಯನ ಕಣ್ಣಲ್ಲಿ ಬೆಳಕು ಕಂಡಿತು. “ಆ ಚಿತ್ರದ ಕೋಣೆ ಕೂಡ ನೀವೇ ಒರೆಸ್ತಿದ್ರಾ, ಅಜ್ಜಿ?”

“ಮತ್ತೆ? ಸೋಮವಾರ ಪೂರ್ತಿ ನಂದೇ. ಒಂದು ನರಪಿಳ್ಳೆ ಇರ್ತಿರಲಿಲ್ಲ.” ಅಮ್ಮ ಈರುಳ್ಳಿ ಪಕ್ಕಕ್ಕಿಟ್ಟಳು. “ಬಾಗಿಲಲ್ಲಿ ನಿಂತ್ರೆ, ಬೆಂಕಿಗೂಡಿನ ಮೇಲೆ ದೊರೆ ಕೂತಿದ್ದಾನೆ. ಕೈಲಿ ಕಾಗದ. ಏನೋ ಕೆಟ್ಟ ಸುದ್ದಿ ಇರಬೇಕು, ಮುಖ ಹಾಗಿದೆ. ಕುರ್ಚಿ ಕೆಳಗೆ ನಾಯಿ ಮಲಗಿದೆ, ಅದಕ್ಕೇನೂ ಚಿಂತೆಯಿಲ್ಲ. ಹೆಂಡತಿ ಪಕ್ಕದಲ್ಲಿ, ಗಟ್ಟಿ ಹೆಂಗಸು, ಮನೆ ನಡೆಸ್ತಿದ್ದವಳು ಅವಳೇ ಅಂತ ನೋಡಿದ್ರೆ ಗೊತ್ತಾಗುತ್ತೆ. ಪುಟ್ಟ ಹುಡುಗಿ ಒಬ್ಳು ಸೇಬು ಹಿಡ್ಕೊಂಡು ಅಮ್ಮನ್ನ ಕಾಡ್ತಿದ್ದಾಳೆ.”

“ಮತ್ತೆ ಚಾವಣಿ? ಚಾವಣಿಯಲ್ಲಿ ಏನೋ ಇದೆ ಅಂತಾರಲ್ಲ.”

“ಚಾವಣಿ ನಡುವೆ ಉರುಟಾಗಿ ಆಕಾಶ ಬರೆದವ್ರೆ. ಅದರ ಅಂಚಿನಿಂದ ಹೆಂಗಸರು ಬಗ್ಗಿ ಕೆಳಗೆ ನೋಡಿ ನಗ್ತಿರ್ತಾರೆ. ನೋಡೋಕೆ ಬಂದವರೆಲ್ಲ ಅವರನ್ನ ನೋಡ್ತಾರೆ. ನನ್ನ ಮಾತ್ರ ಅವರು ನೋಡ್ತಿದ್ರು, ಬಕೆಟ್ಟು ಹಿಡ್ಕೊಂಡು ಮಂಡಿಯೂರಿದವಳನ್ನ. ಅಲ್ಲೇ ಅಂಚಲ್ಲಿ ಒಂದು ಗಿಡದ ಕುಂಡ ಇದೆ, ಒಂದು ಕೋಲಿನ ಮೇಲೆ ನಿಲ್ಸವ್ರೆ. ಈಗ ಬಿತ್ತು, ಆಗ ಬಿತ್ತು ಅನ್ನೋ ಹಾಗೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನಾನೂ ನಾನು ಅದರ ನೇರ ಕೆಳಗೆ ನಿಂತಿಲ್ಲ. ಪಕ್ಕದಲ್ಲಿ ನಿಂತು ಬಟ್ಟೆ ಕಟ್ಟಿದ ಕೋಲು ಚಾಚಿ ಒರೆಸ್ತಿದ್ದೆ.”

“ಬರೀ ಚಿತ್ರ ಅಂತ ಗೊತ್ತಿದ್ದೂ?”

“ಬರೀ ಚಿತ್ರ ಅಂತ ನನಗೆ ಗೊತ್ತು, ನಿನಗೆ ಗೊತ್ತು. ಆ ಕುಂಡಕ್ಕೆ ಗೊತ್ತಾ?”

ಕೋಸಿಮೊ ನಕ್ಕ ನಗುವಿಗೆ ಮೇಜಿನ ಮೇಲಿನ ಲೋಟ ಅಲುಗಿತು. ಬೀಗಿತಿ ಶೂ ಕಳಚಿ ಕಾಲು ಚಾಚಿದರು. ನಾನು ಬೆಪ್ಪಾಗಿ ಒಲೆಯ ಹತ್ತಿರ ನಿಂತಿದ್ದೆ. ಇಷ್ಟನ್ನೆಲ್ಲ ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ, ಅದು ನಿಜ.

ಊಟಕ್ಕೆ ಮಾಂಸ ತುಂಬಿದ ಸಣ್ಣ ಕಡುಬಿನ ಬಿಸಿ ಸಾರು ಬಡಿಸಿದೆ. ಅಮ್ಮ ಎಂದಿನಂತೆ ಬಟ್ಟಲಿಗೆ ಕೆಂಪು ವೈನು ಸುರಿದುಕೊಂಡಳು. ಬೀಗಿತಿ ಶಿಲುಬೆಯ ಗುರುತು ಹಾಕಿಕೊಂಡರು.

“ಸಾರಿಗೆ ವೈನಾ?”

“ಕುಡಿದು ನೋಡಿ ಆಮೇಲೆ ಮಾತಾಡಮ್ಮ” ಎಂದಳು ಅಮ್ಮ.

ಕುಡಿದರು. ಬಟ್ಟಲನ್ನು ಮತ್ತೆ ಮುಂದೆ ತಳ್ಳಿದರು. ಕೊನೆಯಲ್ಲಿ ನಮ್ಮ ಬಾದಾಮಿಯ ಗಟ್ಟಿ ಕೇಕು ತಂದಿಟ್ಟೆ. ಕೋಸಿಮೊ ಚಾಕುವಿಗೆ ಕೈಚಾಚಿದ್ದೇ ತಡ ಅಮ್ಮ ಮುಷ್ಟಿಯಿಂದ ಅದರ ನಡುವೆ ಒಂದು ಗುದ್ದು ಕೊಟ್ಟಳು. ಚೂರುಗಳು ಮೇಜಿನ ತುಂಬ ಹಾರಿದವು. “ಇದಕ್ಕೆ ಚಾಕು ಮುಟ್ಟಿಸಿದ್ರೆ ನಮ್ಮಲ್ಲಿ ಹೆಣ್ಣು ಕೊಡಲ್ಲ” ಎಂದಳು.

“ಹೆಣ್ಣು ಕೊಡೋರು ನಾವು” ಎಂದರು ಬೀಗಿತಿ. “ಸರಿ, ವಿಷಯಕ್ಕೇ ಬರೋಣ. ಸಿನ್ಯೋರಾ ಓರ್ನೆಲ್ಲಾ, ಬೆಳಗಿನಿಂದ ನೀವು ನಮ್ಮನ್ನ ಯಾಕೆ ಓಡಾಡಿಸಿದ್ರಿ ಅಂತ ನನಗೆ ಗೊತ್ತು. ಮದುವೆ ಇಲ್ಲಿ ಆಗ್ಲಿ ಅಂತ. ಆಗಲ್ಲ. ಹುಡುಗಿ ಮನೆ ಬಾಗಿಲಿಂದ ಹೊರಡಬೇಕು. ಓಣಿಯವರೆಲ್ಲ ನಿಂತಿರ್ತಾರೆ, ಅವಳು ಹೊಸ್ತಿಲು ದಾಟೋದನ್ನ ನೋಡಬೇಕು. ಹೋಟೆಲ್ ಲಿಫ್ಟಿನಿಂದ ಇಳಿದು ಮದುವೆಗೆ ಹೋಗೋಕೆ ಅವಳೇನು ಅನಾಥೆ ಅಲ್ಲ.”

ನಾನು ಬಾಯಿ ತೆರೆಯುವ ಮುಂಚೆಯೇ ಅಮ್ಮ ನನ್ನ ಮೇಲೆ ಹರಿಹಾಯ್ದಳು. “ಇದಾ ನಿನ್ನ ಗುಟ್ಟು? ಅವಳು ಹೇಳೋದು ಸರಿಯಾಗಿದೆ. ಹುಡುಗಿ ತೌರಿನ ಬಾಗಿಲಿಂದಲೇ ಹೊರಡಬೇಕು. ನನ್ನ ನೆಪ ಮಾಡ್ಕೊಂಡು ಇನ್ನೊಬ್ಬರ ಮನೆ ಬಾಗಿಲು ಮುಚ್ಚಿಸ್ತೀಯಾ? ನನಗೆ ಫೋಟೋ ಕಳಿಸಿ, ಸಾಕು.”

“ಸಾಕಾಗಲ್ಲ” ಎಂದೆ. “ನಿನಗೆ ಸಾಕಾಗಬಹುದು, ನನಗೆ ಸಾಕಾಗಲ್ಲ. ಅವನು ನಡೆಯೋಕೆ ಕಲಿತದ್ದು ನಿನ್ನ ಲಂಗ ಹಿಡ್ಕೊಂಡು. ಆ ದಿನ ನೀನು ಇಲ್ಲಿ ಒಬ್ಬಳೇ ಕೂತಿರ್ತೀಯ ಅಂತ ಗೊತ್ತಿದ್ದು ನಾನು ಅಲ್ಲಿ ಹೇಗೆ ನಗಲಿ?” ಬೀಗರ ಮುಂದೆ ಅಳಬಾರದು ಎಂದು ಎಷ್ಟು ಗಟ್ಟಿ ಮಾಡಿಕೊಂಡಿದ್ದೆನೋ ಅಷ್ಟೂ ಕರಗಿಹೋಯಿತು.

ಕೋಸಿಮೊ ಕೇಕಿನ ಚೂರುಗಳನ್ನು ಬೆರಳಿನಿಂದ ಒಂದೆಡೆ ಕೂಡಿಸುತ್ತಿದ್ದರು. ಇಮ್ಮಕೊಲಾತಾ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಬರಿಗಾಲಲ್ಲಿ ಅಮ್ಮನ ಕೋಣೆಯ ತನಕ ಹೋಗಿ ಬಾಗಿಲಲ್ಲಿ ನಿಂತು ಒಳಗೆ ನೋಡಿದರು: ಎತ್ತರದ ಮಂಚ, ಉದ್ದ ಕನ್ನಡಿಯ ಬೀರು, ಬೀದಿಗೆ ತೆರೆಯುವ ಕಿಟಕಿ. ಆಮೇಲೆ ಮುಂಬಾಗಿಲು ತೆಗೆದು ಮೆಟ್ಟಿಲ ಕಡೆ ಬಗ್ಗಿ ನೋಡಿದರು. ವಾಪಸು ಬಂದು ಕೂತರು.

“ನನ್ನ ಮದುವೆ ದಿನ ನನ್ನಜ್ಜಿ ಪಕ್ಕದ ಊರಲ್ಲಿ ಹಾಸಿಗೆ ಹಿಡಿದಿದ್ಳು” ಎಂದರು, ಅಮ್ಮನಿಗೆ ಮಾತ್ರ ಹೇಳುವಂತೆ. “ಹನ್ನೆರಡೇ ಕಿಲೋಮೀಟರು. ಯಾರೂ ಕರ್ಕೊಂಡು ಬರಲಿಲ್ಲ. ಮರುದಿನ ಫೋಟೋ ತಗೊಂಡು ಹೋಗಿ ಕೊಟ್ಟೆ. ನೋಡಿದ್ಳು. ಆಮೇಲೆ ಅದನ್ನ ತಿರುಗಿಸಿ ಹಿಂದೆ ನೋಡಿದ್ಳು, ಇಷ್ಟೇನಾ ಅನ್ನೋ ಹಾಗೆ.” ಆಮೇಲೆ ಗೋಡೆಗಳ ಕಡೆ ಕೈ ತೋರಿಸಿ ಕೇಳಿದರು. “ಈ ಮನೆ ಯಾರ ಹೆಸರಲ್ಲಿದೆ, ಅಜ್ಜಿ?”

“ನಂದು. ಇವರೆಲ್ಲ ನನ್ನ ಮನೇಲಿರೋರು.”

“ಹಾಗಾದ್ರೆ ನನ್ನ ಮಗಳು ಆ ಕನ್ನಡಿ ಮುಂದೆ ಬಟ್ಟೆ ಹಾಕ್ಕೊಳ್ಲಿ. ಗುಂಡಿ ನಾನೇ ಹಾಕ್ತೀನಿ, ಅದನ್ನ ಯಾರಿಗೂ ಬಿಡಲ್ಲ. ನಿಮ್ಮ ಬಾಗಿಲಿಂದ ಹೊರಡ್ಲಿ. ಓಣಿಯವರಲ್ಲಿ ಬರೋರು ಬಸ್ಸಲ್ಲಿ ಬರ್ತಾರೆ. ಅವಳಿಗೆ ಈಗ ಅಜ್ಜಿ ಅಂತ ಯಾರೂ ಉಳಿದಿಲ್ಲ. ನೀವು ಅವಳನ್ನ ನಿಮ್ಮ ಹುಡುಗಿ ಅಂತ ಹೊಸ್ತಿಲು ದಾಟಿಸಿದ್ರೆ, ಅದು ತೌರಿನ ಬಾಗಿಲೇ.”

ಅಮ್ಮ ತಕ್ಷಣ ಒಪ್ಪಲಿಲ್ಲ. ಇಮ್ಮಕೊಲಾತಾರ ಮುಖವನ್ನು ಬಹಳ ಹೊತ್ತು ನೋಡಿದಳು, ಕೇಕಿನ ಚೂರೊಂದನ್ನು ಎತ್ತಿ ಅವರ ಕೈಯಲ್ಲಿಟ್ಟಳು. ಅವಳ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲು ಅವಳು ಹೋಗಲಿಲ್ಲ.

“ಆಗ್ಲಿ” ಎಂದಳು. “ಆದ್ರೆ ಒಂದು ಮಾತು. ನನ್ನ ಬಾಗಿಲಿಂದ ಹೊರಡೋಳು ನನ್ನ ಹುಡುಗಿ. ನಾಳೆ ಎಲಿಯೊ ಅವಳಿಗೆ ಒಂದು ಕೆಟ್ಟ ಮಾತಂದ್ರೆ ನಾನು ಅವಳ ಕಡೆ, ಅವನ ಕಡೆ ಅಲ್ಲ. ಇವತ್ತಿಂದ ನಾನು ಹೆಣ್ಣಿನ ಕಡೆಯವಳು.” ನನ್ನತ್ತ ತಿರುಗಿದಳು. “ನೀನು, ನಿನ್ನ ಗಂಡ, ನಿನ್ನ ಮಗ, ಮೂವರೂ ಹಿಂದಿನ ದಿನವೇ ಮನೆ ಬಿಡಬೇಕು. ಗಂಡಿನ ಕಡೆಯವರು ಹುಡುಗೀನ ಮದುವೆ ಬಟ್ಟೇಲಿ ಮುಂಚೆ ನೋಡೋ ಹಾಗಿಲ್ಲ. ಬೆಳಿಗ್ಗೆ ಬೀದೀಲಿ ನಿಂತ್ಕೊಂಡಿರು, ಎಲ್ಲರ ಜೊತೆ.”

“ಅಮ್ಮ, ನಾನು ನಿನ್ನ ಮಗಳು.”

“ಆ ದಿನ ಅಲ್ಲ.”

ಇರುವ ಮನೆಯಿಂದ ಹೊರಹಾಕಿಸಿಕೊಂಡು ಅಷ್ಟು ಸಂತೋಷಪಟ್ಟವಳು ಮಾಂತೊವಾದಲ್ಲಿ ನನ್ನೊಬ್ಬಳ ಹೊರತು ಬೇರೆ ಯಾರೂ ಇರಲಾರರು.