ಬಿರುಕು ಬಿಟ್ಟದ್ದೆಲ್ಲ ವರ್ನಾಳಿಗೆ

ಆಲ್ಡನ್ ಲಬೌಂಟಿಯವರ ಬಲಗೈ ಹೆಬ್ಬೆರಳಿನ ಉಗುರು ಎಲ್ಲಿ ಹೋದರೂ ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ಅಂಗಡಿಯಲ್ಲಿ ಸೇಬು ಕೊಳ್ಳುವಾಗ, ಇಗರ್ಜಿಯಲ್ಲಿ ಕೂತಾಗ, ಯಾರದಾದರೂ ಮನೆಯ ಹೊಸ ಬಾಗಿಲನ್ನು ಹೊಗಳಬೇಕಾಗಿ ಬಂದಾಗ, ಮೊದಲು ಉಗುರನ್ನು ಒತ್ತಿ, ಅದು ಎಷ್ಟು ಇಳಿಯಿತೆಂದು ನಿಧಾನವಾಗಿ ನೋಡಿ, ಆಮೇಲೆ ಬಾಯಿ ತೆರೆಯುವ ಮನುಷ್ಯ. ನಮ್ಮ ಹ್ಯಾಡ್ಲಿ ಹಾಲೊದ ಇಗರ್ಜಿಯಲ್ಲಿ ಎಡಗಡೆಯ ಮೂರನೆಯ ಬೆಂಚಿನ ಅಂಚಿನ ತುಂಬ ಸಣ್ಣ ಸಣ್ಣ ಅರ್ಧಚಂದ್ರಗಳಿವೆ; ಪ್ರವಚನ ಉದ್ದವಾದ ಭಾನುವಾರಗಳನ್ನು ಅವುಗಳ ಆಳದಿಂದಲೇ ಗುರುತಿಸಬಹುದು.

ಆಳು ಸಣ್ಣ. ಐವತ್ತು ವರ್ಷ ದಿಮ್ಮಿಗಳನ್ನು ಬಲ ಸೊಂಟದ ಮೇಲೆ ಹೊತ್ತು ಹೊತ್ತು ನಡಿಗೆ ಎಡಕ್ಕೆ ವಾಲಿತ್ತು, ಬರಿಗೈಯಲ್ಲಿ ಬಂದರೂ ಏನನ್ನೋ ಹೊತ್ತು ತಂದಂತೆಯೇ ಕಾಣುತ್ತಿದ್ದರು. ಚಳಿಗಾಲ ಬೇಸಿಗೆಯೆನ್ನದೆ ತೊಡುತ್ತಿದ್ದ ಕಂದು ಕ್ಯಾನ್ವಾಸಿನ ಕೋಟಿನ ತೋಳುಗಳು, ದಿಮ್ಮಿಯ ತುದಿಗೆ ಬಳಿಯುವ ಮೇಣ ಸುರಿದು ಸುರಿದು ಎಷ್ಟು ಗಟ್ಟಿಯಾಗಿದ್ದವೆಂದರೆ, ಗೂಟಕ್ಕೆ ನೇತುಹಾಕಿದ ಮೇಲೂ ಕೋಟು ಕೈ ಮಡಚಿಕೊಂಡೇ ನಿಂತಿರುತ್ತಿತ್ತು. ಕತ್ತಲಲ್ಲಿ ನಾನೇ ಒಮ್ಮೆ ಅದಕ್ಕೆ ನಮಸ್ಕಾರ ಹೇಳಿದ್ದೇನೆ.

ಅವರ ಕಸುಬು ಲೇತಿನ ಮೇಲೆ ಮರದ ಬಟ್ಟಲು ಕಡೆಯುವುದು. ಆದರೆ ಊರಿಗೆ ಅರಗದಿದ್ದುದು ಅವರ ಇನ್ನೊಂದು ಕೆಲಸ, ಒಳ್ಳೆಯ ಬೀಚ್ ಮರವನ್ನು ಬೇಕೆಂದೇ ಕೊಳೆಸುವುದು. ವರ್ಮಾಂಟಿನ ಈ ಗುಡ್ಡಗಳಲ್ಲಿ ಬೀಚ್ ಎಂದರೆ ಸೌದೆ, ಸೌದೆಯೆಂದರೆ ಮಾನ. ಹೆಣ್ಣು ಕೊಡುವವರು ಹುಡುಗನ ಮುಖಕ್ಕಿಂತ ಮೊದಲು ಅವನ ಸೌದೆ ಒಟ್ಟಿಲನ್ನು ನೋಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಂಥ ಊರಿನಲ್ಲಿ ಈ ಮನುಷ್ಯ ಹಸಿ ಬೀಚಿನ ದಿಮ್ಮಿಗಳನ್ನು ಕೊಟ್ಟಿಗೆಯ ಹಿಂದಿನ ನೆರಳಲ್ಲಿ ಬರಿ ಮಣ್ಣಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಗೆ ಮೇಣ ಬಳಿದು, ಕಾಡಿನಿಂದ ತಂದ ಕೊಳೆತ ಎಲೆಯನ್ನು ಬುಡಕ್ಕೆ ಒತ್ತಿ, ಒದ್ದೆ ಗೋಣಿತಾಟು ಸುತ್ತಿ, ತಾವು ಕುಡಿದು ಉಳಿದ ಬಿಯರನ್ನು ನೈವೇದ್ಯದಂತೆ ಅವಕ್ಕೆ ಸುರಿದು, ವರ್ಷಗಟ್ಟಲೆ ಕಾಯುತ್ತಿದ್ದರು. ಒಂದು ಜಾತಿಯ ಬೂಷ್ಟು ಬುಡದಿಂದ ಏರುತ್ತದೆ, ಇನ್ನೊಂದು ಪಕ್ಕದಿಂದ ಹೊಗುತ್ತದೆ. ಎರಡೂ ಎದುರಾದಲ್ಲಿ ತಂತಮ್ಮ ಗಡಿಗೆ ಕಪ್ಪು ಗೋಡೆ ಎಬ್ಬಿಸಿಕೊಳ್ಳುತ್ತವೆ. ಆ ಗೋಡೆಯೇ ಬಟ್ಟಲಿನ ಮೈಮೇಲೆ ಶಾಯಿಯ ಗೆರೆಯಾಗಿ ಕಾಣುವುದು. ಬೇಗ ತೆಗೆದರೆ ಏನೂ ಇಲ್ಲದ ಬಿಳಿ ಮರ, ತಡವಾದರೆ ಹಿಸುಕಿದರೆ ಪುಡಿಯಾಗುವ ಬೆಂಡು. ನಡುವಿನ ಆ ಹದವನ್ನು ಅವರ ಉಗುರು ಮಾತ್ರ ಬಲ್ಲದಾಗಿತ್ತು.

ಪಕ್ಕದ ಜಮೀನಿನ ರಾಯ್ಸ್ ಟಟಲ್ ಬೇಲಿಯಾಚೆಯಿಂದ ಕೆಣಕುತ್ತಿದ್ದ. "ಏನ್ ಆಲ್ಡನ್, ಎಲ್ಲರೂ ದನ ಸಾಕಿದ್ರೆ ನೀವು ಬೂಷ್ಟು ಸಾಕ್ತೀರಲ್ಲ. ಹಾಲು ಯಾವಾಗ ಕರೆಯೋದು?"

"ಇನ್ನೂ ಆಗಿಲ್ಲ."

ಈ ಎರಡು ಮಾತು ಅವರ ಬಾಯಿಗೆ ಅಂಟಿಕೊಂಡುಬಿಟ್ಟಿತ್ತು. ಹೆಂಡತಿ ವರ್ನಾ ಮೂವತ್ತೆಂಟು ವರ್ಷ ಕೇಳಿದ್ದೂ ಅದನ್ನೇ. ಚೆನ್ನಾಗಿ ಬಂದ ಬಟ್ಟಲುಗಳೆಲ್ಲ ಪೇಟೆಯ ಅಂಗಡಿಗೆ ಹೋಗುತ್ತಿದ್ದವು. ಕಡೆಯುವಾಗ ಬಿರುಕು ಬಿಟ್ಟವು ಅಡುಗೆಮನೆಗೆ ಬರುತ್ತಿದ್ದವು. ಆಕೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಬಟ್ಟಲಿನ ಬಿರುಕಿಗೆ ಜೇನುಮೇಣ ತುಂಬಿತ್ತು, ಮೊಟ್ಟೆಯ ಬಟ್ಟಲಿಗೆ ಒಂದು ಕಡೆ ಅಂಚೇ ಇರಲಿಲ್ಲ. "ನೆಟ್ಟಗಿರೋದು ಊರಿಗೆ, ಬಿರುಕು ಬಿಟ್ಟಿದ್ದು ವರ್ನಾಗೆ," ಎಂದು ನನಗೆ ಕಾಫಿ ಕೊಡುತ್ತಾ ಆಕೆ ದೂರುತ್ತಿದ್ದಳು. "ಒಂದು, ಒಂದೇ ಒಂದು ಒಡಕಿಲ್ಲದ್ದು ಕೊಡ್ರೀ ಅಂದ್ರೆ ಇವ್ರು ಏನಂತಾರೆ ಕೇಳು, ಹಾರ್ಲನ್." ಕೇಳಬೇಕಾಗಿರಲಿಲ್ಲ. ಆಲ್ಡನ್ ಲೋಟದಿಂದ ತಲೆಯೆತ್ತದೆ ಆ ಎರಡು ಮಾತನ್ನೇ ಹೇಳುತ್ತಿದ್ದರು, ಆಕೆ ನಗುತ್ತಿದ್ದಳು.

ಚಳಿಗಾಲ ಮುಗಿದು ಮೇಪಲ್ ಮರಗಳಿಂದ ಸಿಹಿ ರಸ ಇಳಿಯುವ ಕಾಲದಲ್ಲಿ, ಒಂದೇ ವಾರದ ಜ್ವರದಲ್ಲಿ ವರ್ನಾ ಹೋಗಿಬಿಟ್ಟಳು. ಮಾರನೆಯ ವರ್ಷ ಹಿತ್ತಿಲ ಬೀಚ್ ಮರವೂ ತೊಗಟೆ ರೋಗಕ್ಕೆ ಒಣಗಿತು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಆಕೆ ಜೀವಮಾನವಿಡೀ ಕಟ್ಟಿದ್ದು ಆ ಮರಕ್ಕೇ. ಕಟ್ಟಲೆಂದು ಹೊಡೆದ ಕಬ್ಬಿಣದ ಕೊಕ್ಕೆಯನ್ನು ಮರ ಎಂದೋ ನುಂಗಿಹಾಕಿತ್ತು. ಆಲ್ಡನ್ ಅದನ್ನು ಕಡಿದು, ಮೂರೇ ಮೂರು ದಿಮ್ಮಿ ಇಟ್ಟುಕೊಂಡು ಕೊಟ್ಟಿಗೆಯ ಹಿಂದೆ ನಿಲ್ಲಿಸಿದರು. ಯಾಕೆಂದು ನನಗೊಬ್ಬನಿಗೆ ಹೇಳಿದರು, ಅದೂ ನನ್ನ ಮುಖ ನೋಡದೆ, ನನ್ನ ಟ್ರಕ್ಕಿನ ಹಲಗೆಗೆ ಉಗುರು ಒತ್ತುತ್ತಾ.

"ಅವಳು ಕೂರ್ತಿದ್ದ ಜಾಗದಲ್ಲಿ ಮೇಜಿನ ಮೇಲೆ ಇಡೋಕೆ. ಈ ಸಲ ಒಡಕಿಲ್ಲದ್ದು. ಮಾತು ಕೊಟ್ಟಿದ್ದೆ ಕಣೋ."

ಹದಿನಾರು ತಿಂಗಳು ಕಾದರು. ಹದಿನೇಳನೆಯ ತಿಂಗಳು, ಸೆಪ್ಟೆಂಬರಿನಲ್ಲಿ, ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರು.

ಹಾಸಿಗೆ ಹಿಡಿದವನ ಸೌದೆಯನ್ನು ಊರೇ ಒಟ್ಟಿಕೊಡುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಒಂದು ಶನಿವಾರ ಹನ್ನೊಂದು ಜನ ಸೇರಿದೆವು. ರಾಯ್ಸ್ ತನ್ನ ಸೌದೆ ಸೀಳುವ ಯಂತ್ರವನ್ನು ಎಳೆದು ತಂದ, ಹೆಂಗಸರು ಡೋನಟ್ಟೂ ಬಿಸಿ ಸೇಬಿನ ರಸವೂ ತಂದರು. ಅಂಗಳದಲ್ಲಿದ್ದುದೆಲ್ಲ ಮುಗಿದ ಮೇಲೂ ರಾಯ್ಸ್‌ನ ಕೈ ತುರಿಸುತ್ತಿತ್ತು. ಕೊಟ್ಟಿಗೆಯ ಹಿಂದಿನಿಂದ ಮೂರು ದಿಮ್ಮಿಗಳನ್ನು ಉರುಳಿಸಿಕೊಂಡು ಬಂದ.

"ಬಟ್ಟಲು ಮಾಡೋ ವಯಸ್ಸು ಮುಗೀತು, ಪಾಪ, ಇನ್ನು ಲೇತ್ ಮುಂದೆ ಎಲ್ಲಿ ನಿಲ್ತಾರೆ. ಇವು ಪೂರಾ ಹಾಳಾಗೋ ಮುಂಚೆ ಒಲೆಗಾದ್ರೂ ಆಗ್ಲಿ."

ನಾನು ಒಟ್ಟಿಲಿನ ಆ ತುದಿಯಲ್ಲಿದ್ದೆ. ತಿರುಗಿ ನೋಡುವಷ್ಟರಲ್ಲಿ ಮೊದಲನೆಯದು ಬಾಯಿಬಿಟ್ಟಿತ್ತು, ಅದರ ಸೀಳಿನಲ್ಲಿ ಗೆರೆಗಳು ಕಂಡವು. ಇವು ಯಾವ ದಿಮ್ಮಿಗಳೆಂದು ಅಲ್ಲಿ ತಿಳಿದಿದ್ದವನು ನಾನೊಬ್ಬನೇ. ಕೂಗಬೇಕಿತ್ತು. ಆದರೆ ಎಲ್ಲರ ಮುಖದ ಮೇಲೂ ಪರೋಪಕಾರದ ಕೆಂಪು ಏರಿತ್ತು, ರಾಯ್ಸ್ ಹಾಡು ಗುನುಗುತ್ತಿದ್ದ, ಆ ಸಂತೋಷಕ್ಕೆ ತಣ್ಣೀರೆರಚಲು ನನ್ನ ನಾಲಿಗೆ ಏಳಲಿಲ್ಲ. ನಾನು ಹೀಗೆ ಮೀನಮೇಷ ಎಣಿಸುತ್ತಿದ್ದಂತೆ ಎರಡನೆಯದೂ ಸೀಳಿತು. ಮೂರನೆಯದಕ್ಕೆ ಯಂತ್ರದ ಬಾಯಿ ಅರ್ಧ ಇಳಿದು ಕಚ್ಚಿಕೊಂಡಿತು. "ಕಬ್ಬಿಣ ನುಂಗಿದೆ, ದರಿದ್ರದ್ದು," ಎಂದು ರಾಯ್ಸ್ ಅದನ್ನು ಬಿಡಿಸಿ ಕಳೆಯೊಳಕ್ಕೆ ಒದ್ದ. ನಾನು ಸೀಳುಗಳನ್ನು ಒಟ್ಟಿದೆ, ಗೆರೆಯಿದ್ದ ಮುಖ ಒಳಗಾಗುವಂತೆ.

ಅಕ್ಟೋಬರಿನಲ್ಲಿ ಆಲ್ಡನ್ ಊರುಗೋಲಿನೊಂದಿಗೆ ಬಂದಿಳಿದರು. ಒಟ್ಟಿಲಿನ ಮುಂದೆ ಬಹಳ ಹೊತ್ತು ನಿಂತರು, ಒಂದು ಸೀಳಿಗೆ ಉಗುರು ಒತ್ತಿದರು. "ಒಳ್ಳೇ ಒಟ್ಟಿಲು," ಅಂದರು. "ದೊಡ್ಡ ಉಪಕಾರ ಆಯ್ತು ಕಣ್ರಪ್ಪಾ." ರಾಯ್ಸ್ ಹಿಗ್ಗಿ ಹೀರೇಕಾಯಿಯಾದ. ನಾನು ಹತ್ತು ದಿನ ಆ ದಾರಿಯನ್ನೇ ಬಿಟ್ಟು ಕೆರೆ ಸುತ್ತಿಕೊಂಡು ಓಡಾಡಿದೆ.

ಹನ್ನೊಂದನೆಯ ದಿನ ಹೋಗಿ ಎಲ್ಲವನ್ನೂ ಹೇಳಿದೆ. ಮೊದಲನೆಯದು ಸೀಳಿದಾಗಲೇ ಕಂಡೆ, ಬಾಯಿ ಮುಚ್ಚಿಕೊಂಡು ನಿಂತೆ ಎಂದೆ. ಬೈಗುಳಕ್ಕೆ ತಲೆಯೊಡ್ಡಿ ಕೂತಿದ್ದವನಿಗೆ ಕೇಳಿಸಿದ್ದು ಬೇರೆ.

"ನೋಡಿದ್ಯಾ? ಗೆರೆ ಹೇಗಿತ್ತು?"

"ಆಲ್ಡನ್, ನಾನು ಹೇಳ್ತಿರೋದು..."

"ಕೇಳಿಸ್ತು. ಸೀಳಿದ ಗಳಿಗೇಲಿ ಹೇಗಿತ್ತು ಹೇಳು. ಒಣಗಿದ ಮೇಲೆ ಅದು ಮಂಕಾಗತ್ತೆ."

ಹೇಳಿದೆ. ಬೆಣ್ಣೆಯ ಬಣ್ಣ, ನಡುನಡುವೆ ಜೇನು. ಗೆರೆ ಸಣ್ಣವು, ಹರಿದ ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿದ ಹಾಗೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಮೂರನೆಯದು ಎಲ್ಲಿ ಎಂದರು. ಕಳೆಯಿಂದ ಹೊತ್ತು ತಂದು ಮುಂದಿಟ್ಟೆ. ತಟ್ಟಿ ಕಿವಿಗೊಟ್ಟರು, ಉಗುರು ಒತ್ತಿದರು.

"ಆಯ್ತು."

ಮೂವತ್ತು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಆ ಚಳಿಗಾಲ ಎತ್ತರದ ಸ್ಟೂಲಿಗೆ ಒರಗಿ, ಬೂಷ್ಟಿನ ಧೂಳು ಎದೆಗಿಳಿಯದಂತೆ ಮೂಗುಬಾಯಿ ಕಟ್ಟಿಕೊಂಡು ಅವರು ಅದನ್ನು ಕಡೆದರು; ಎತ್ತುವುದು ಹಿಡಿಯುವುದು ನನ್ನ ಪಾಲಿಗೆ. ಕೊಕ್ಕೆಯನ್ನು ಉಳಿಯಿಂದ ಕಿತ್ತ ಜಾಗದಲ್ಲಿ ಬೆರಳು ತೂರುವಷ್ಟು ತೂತು ಉಳಿಯಿತು, ಸುತ್ತ ಕಬ್ಬಿಣದ ನೀಲಿ ಕಲೆ. ಯಂತ್ರ ಕಚ್ಚಿದ್ದ ಕಡೆ ಅಂಚಿನಿಂದ ಅರ್ಧದವರೆಗೆ ಬಿರುಕು. ಆದರೆ ಅಷ್ಟು ಚೆಲುವಾದ ಗೆರೆಗಳನ್ನು ನಾನು ಮತ್ತೆ ನೋಡಿಲ್ಲ. ವರ್ನಾ ಕೂರುತ್ತಿದ್ದ ಜಾಗದಲ್ಲಿ ಬಟ್ಟಲನ್ನಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಕೊನೇಗೂ ಇದೂ ಒಡಕಿರೋದೇ ಬಂತಲ್ಲೇ ನಿಂಗೆ."

"ನನ್ನಿಂದಾನೇ ಹೀಗಾಯ್ತು," ಎಂದೆ.

"ಬಿಡೋ. ನೆಟ್ಟಗಿರೋದು ಇಟ್ಟಿದ್ರೆ ಯಾರೋ ಬೇರೆಯವರ ಮನೇದು ಅಂದ್ಕೊಂಡು ವಾಪಸ್ ಕಳಿಸಿಬಿಡ್ತಿದ್ಲು."

ಅವು ಯಾವ ದಿಮ್ಮಿಗಳಾಗಿದ್ದವೆಂದು ರಾಯ್ಸ್‌ಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬರೆಯಕೂಡದೆಂದು ಹೇಳಿಲ್ಲ, ರಾಯ್ಸ್ ಓದುವ ಪೈಕಿಯೂ ಅಲ್ಲ. ಆಲ್ಡನ್‌ರಂಥವರು ಊರಿಗೊಬ್ಬರು ಇರುತ್ತಾರೆ. ಕೊಳೆಯುವುದರ ಪಕ್ಕದಲ್ಲಿ ಅಸಹ್ಯಪಡದೆ ಕಾದು ಕೂತವರು, ಹದವೆಂಬುದು ತಮ್ಮ ಕೈಯಲ್ಲಿಲ್ಲವೆಂದು ಬಲ್ಲವರು. ಅವರ ಎದುರು ಕ್ಷಮೆ ಕೇಳುವುದು ನಮ್ಮಂಥವರಿಗೆ ಬಲು ಕಷ್ಟ. ನಾವು ತಪ್ಪನ್ನು ಒಪ್ಪಿಕೊಳ್ಳಲು ಹೋಗಿರುತ್ತೇವೆ, ಅವರು ಗೆರೆ ಹೇಗಿತ್ತೆಂದು ಕೇಳುತ್ತಾರೆ.