ದೊಡ್ಡದು ಮಾಡಿದ ವಾಲ್ವು

ಕ್ರೇನಿನ ಪಟ್ಟಿಗಳು ಹಾಯಿದೋಣಿಯ ಹೊಟ್ಟೆಯನ್ನು ಬಿಗಿದು, ಇನ್ನೇನು ಎತ್ತಿ ನೀರಿಗಿಳಿಸಬೇಕು ಅನ್ನುವಾಗ ರಾಮಮೂರ್ತಿಗೆ ಒಳಗೆ ಸಿಂಕಿನ ಕೆಳಗೆ, ಕೊಳೆನೀರು ಹೊರಹೋಗಲು ದೋಣಿಯ ತಳದಲ್ಲಿದ್ದ ತೂತಿನ ವಾಲ್ವು ನೆನಪಾಯಿತು. ಚಳಿಗಾಲಕ್ಕೆಂದು ಬಿಚ್ಚಿಟ್ಟ ಪೈಪನ್ನು ಇನ್ನೂ ಜೋಡಿಸಿರಲಿಲ್ಲ. ವಾಲ್ವು ತೆರೆದಿದ್ದರೆ ಸರೋವರವೇ ಅಡುಗೆಮನೆಗೆ ಬಂದುಬಿಡುತ್ತದೆ.

“ವಾಲ್ವು ಮುಚ್ಚಿದ್ಯೇನೇ?” ಎಂದು ಏಣಿ ಇಳಿಯುತ್ತಿದ್ದ ಹೆಂಡತಿಯನ್ನು ಕೇಳಿದ.

“ದೊಡ್ಡದು ಮಾಡಿದೀನಿ ರೀ,” ಎಂದಳು ಉಷಾ.

ಉಷಾ ದೀಪವನ್ನು ಎಂದೂ ಆರಿಸಿದವಳಲ್ಲ, ದೊಡ್ಡದು ಮಾಡಿದವಳು. ಒಳ್ಳೆಯ ದಿನ ಮುಚ್ಚುವುದು, ಮುಳುಗುವುದು ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ಅವನು ಮಾತ್ರ, ಇವಳು ಪೂರ್ತಿ ತೆರೆದಿಟ್ಟಿದ್ದಾಳೆ ಅಂದುಕೊಂಡು ಮೇಲೆ ಹತ್ತಿ, ಸಿಂಕಿನ ಕೆಳಗೆ ಕೈ ತೂರಿಸಿ, ಹಿಡಿ ಯಾವ ಕಡೆಗಿದೆಯೆಂದೂ ನೋಡದೆ ತಿರುಗಿಸಿ ಬಂದ.

ಚಳಿಗಾಲದ ಆರು ತಿಂಗಳು ಸ್ಟ್ರೀಟ್ಸ್‌ವಿಲ್‌ನಲ್ಲಿ ಮಗಳು ತನುಶ್ರೀಯ ಬೇಸ್‌ಮೆಂಟಿನಲ್ಲಿದ್ದಾಗ, ಕನ್ನಡದವರ ಮನೆಯ ಊಟಗಳಲ್ಲಿ ಅವನು ಒಂಟಾರಿಯೋ ಸರೋವರದ ಅಲೆಗಳನ್ನು ತೆಂಗಿನಮರದೆತ್ತರಕ್ಕೆ ಬೆಳೆಸಿದ್ದ. ನಿಜಕ್ಕೂ ದೋಣಿ ಪಕ್ಕದ ಊರು ಓಕ್‌ವಿಲ್ ಕೂಡ ದಾಟಿರಲಿಲ್ಲ. ಉಷಾ ಸಾರು ಬಡಿಸುತ್ತಿದ್ದಳೇ ಹೊರತು ಒಮ್ಮೆಯೂ ತಿದ್ದಿರಲಿಲ್ಲ. ಮಗಳು ಬೇಡವೆಂದರೂ ಈ ಬೇಸಿಗೆಗೆ ಮತ್ತೆ ದೋಣಿಯಲ್ಲೇ ಇರೋಣ ಎಂದು ಹೊರಟಿದ್ದಳು. ಅವಳಿಲ್ಲದೆ ತಾನು ಅಲ್ಲಿ ಒಂದು ದಿನವೂ ಇರಲಾರೆ ಎಂಬುದೊಂದನ್ನು ಮಾತ್ರ ಅವನು ಯಾವ ಊಟದಲ್ಲೂ ಹೇಳಿರಲಿಲ್ಲ.

ದೋಣಿ ನೀರು ಮುಟ್ಟಿದ ಎರಡೇ ನಿಮಿಷಕ್ಕೆ ಒಳಗಿನ ನೆಲದ ಹಲಗೆಗಳು ತೇಲಿದವು. ಕ್ರೇನು ನಡೆಸುವ ಡೇವ್ ದೋಣಿಯನ್ನು ಮತ್ತೆ ಎತ್ತಿ, ಒಳಹೊಕ್ಕು ವಾಲ್ವು ಮುಚ್ಚಿ ಬಂದು, ತೆರೆದವರು ಯಾರು ಎಂದು ಕೇಳಿದ.

“ಮೈ ವೈಫ್,” ಎಂದ ರಾಮಮೂರ್ತಿ.

ಡೇವ್ ಒಳ್ಳೆಯವನು. ತೊಂದರೆಯಾದದ್ದೇ ಅದರಿಂದ. ಉಷಾಳನ್ನು ಕರೆದು, ಕಿವುಡರಿಗೆ ಹೇಳುವಂತೆ ನಿಧಾನವಾಗಿ, ಹಿಡಿ ಅಡ್ಡವಿದ್ದರೆ ಮುಚ್ಚಿದೆ, ಉದ್ದವಿದ್ದರೆ ತೆರೆದಿದೆ ಎಂದು ಅಂಗೈ ತಿರುಗಿಸಿ ತೋರಿಸಿದ. ಅವಳ ಕೈಯಲ್ಲೂ ಮೂರು ಸಲ ಮಾಡಿಸಿದ. ಅವಳು ಗಂಡನತ್ತ ನೋಡದೆ ಅಂಗೈ ತಿರುಗಿಸಿ, “ಯೆಸ್, ಥ್ಯಾಂಕ್ಯೂ” ಅಂದಳು. ರಾಮಮೂರ್ತಿ ತನ್ನ ಬೂಟಿಗೆ ಮೆತ್ತಿದ್ದ ನೀಲಿ ಬಣ್ಣ ನೋಡುತ್ತ ನಿಂತ.

ಡೇವ್ ಕ್ರೇನಿನ ಕಡೆ ಹೋದ ಮೇಲೆ, “ನಾನೇ ಕಣೇ,” ಎಂದ.

“ಗೊತ್ತು. ನಂಗ್ಯಾಕ್ ಹೇಳ್ತೀರಾ? ಅವ್ರಿಗೆ ಹೇಳಿ. ನಾಳೆಯಿಂದ ಇವ್ರೆಲ್ಲ ನನ್ ಅಕ್ಕಪಕ್ಕದವ್ರು. ಇಲ್ದಿದ್ರೆ ನಾನು ತನು ಮನೆಗೆ ಹೋಗ್ತೀನಿ.”

ಹೋಗಿಬರ್ತೀನಿ ಅನ್ನಲಿಲ್ಲ.

ರಾಮಮೂರ್ತಿ ಕ್ರೇನಿನ ಬುಡಕ್ಕೆ ಹೋಗಿ “ಇಟ್ ವಾಸ್ ಮಿ” ಎಂದ. ಎಂಜಿನ್ನಿನ ಸದ್ದಿಗೆ ಡೇವ್‌ಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿದ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗುವ ಹೊತ್ತಿಗೆ ಡೇವ್ ಎಂಜಿನ್ ನಿಲ್ಲಿಸಿದ್ದ. ಅಕ್ಕಪಕ್ಕದ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವರೆಲ್ಲ ಬ್ರಷ್ಷು ಹಿಡಿದು ತಿರುಗಿ ನೋಡಿದರು.

ದೋಣಿ ಮತ್ತೆ ನೀರಿಗಿಳಿಯಿತು. ಅವನು ಒಳಗೆ ಬಂದಾಗ ಉಷಾ ಮಂಡಿಯೂರಿ, ಸ್ಪಂಜಿನಿಂದ ನೀರು ಹೀರಿ ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ. ಬಕೆಟ್ಟನ್ನು ಮಾತ್ರ, ಇಬ್ಬರಿಗೂ ಎಟಕುವಂತೆ ಸ್ವಲ್ಪ ಆಚೆ ಸರಿಸಿದಳು.